ಕೊಬ್ಬರಿ ಅಟ್ಟದ ಮಗ್ಗುಲಲ್ಲಿ ಗ್ಯಾಸ್ ಟ್ಯಾಂಕರ್

ಪ್ರಶ್ನೆ: ಮಾಯಸಂದ್ರ ರಸ್ತೆಯಲ್ಲಿ ನಮ್ಮ ತೋಟದ ಬೇಲಿ ಪಕ್ಕ ರಾತ್ರಿ ಗ್ಯಾಸ್ ಟ್ಯಾಂಕರ್ ನಿಲ್ಲಿಸಿ ಮಲಗುತ್ತಾರೆ. ಅಲ್ಲೇ ಕೊಬ್ಬರಿ ಅಟ್ಟ, ಚಿಪ್ಪಿನ ರಾಶಿ. ಜಗಳ ಮಾಡಲೋ, ಸುಮ್ಮನಿರಲೋ?
– ಓದುಗರು, ತುರುವೇಕೆರೆ

ಉತ್ತರ: ಎರಡೂ ಬೇಡ ಯಜಮಾನರೇ. ಚಾಲಕನಿಗೆ ನಿದ್ದೆ ಬೇಕೇ ಬೇಕು. ತೂಕಡಿಸುತ್ತ ಓಡಿಸುವುದು ಇನ್ನೂ ಅಪಾಯ. ಆದರೆ ಆ ಜಾಗ ಸರಿಯಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 133ನೆಯದು ಇದಕ್ಕೇ ಇದೆ: ಬೆಂಕಿ, ಸ್ಫೋಟದ ಭಯವಿಲ್ಲದ ಕಡೆ ನಿಲ್ಲಿಸಬೇಕು, ಗಾಡಿ ಸದಾ ಚಾಲಕನ ಅಥವಾ 18 ದಾಟಿದ ಸಮರ್ಥರೊಬ್ಬರ ನಿಗಾದಲ್ಲಿರಬೇಕು. ಹೇಳಿ ನೋಡಿ. ಕೇಳದಿದ್ದರೆ ಟ್ಯಾಂಕರ್ ಮೇಲಿನ ತುರ್ತು ಮಾಹಿತಿ ಫಲಕದಲ್ಲಿ ಫೋನ್ ನಂಬರ್ ಇರುತ್ತದೆ, ಅಲ್ಲಿಗೂ ಪೊಲೀಸ್ ಠಾಣೆಗೂ ತಿಳಿಸಿ. ಅದೇ ಫಲಕದಲ್ಲಿ 1075 ಎಂದಿದ್ದರೆ ಅಡುಗೆ ಅನಿಲ, 1203 ಎಂದಿದ್ದರೆ ಪೆಟ್ರೋಲ್.

ತೋಟದಲ್ಲಿ ಬಸಿಗಾಲುವೆ ಇದ್ದರೆ ನನಗೆ ಹೆಚ್ಚು ಚಿಂತೆ ಅದರದು. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇಳದೆ ನೆಲ ಹಿಡಿದು, ತಗ್ಗು ಹುಡುಕಿ ಹರಿಯುತ್ತದೆ. ಕಿಡಿ ಎಲ್ಲೋ ದೂರದಲ್ಲಿ ಸಿಕ್ಕರೂ ಸಾಕು. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿದಾಗ ಬೆಂಕಿ ರಸ್ತೆಬದಿಯ ಮನೆಗಳನ್ನೂ ಬಿಡಲಿಲ್ಲ.

ವಾಸನೆ ಬಂದರೆ, ನೆಲದ ಮೇಲೆ ಬಿಳಿ ಮಂಜು ಕಂಡರೆ, ಪಂಪ್‌ಸೆಟ್ ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ. ಬೈಕ್ ಅಲ್ಲೇ ಇರಲಿ. ಮನೆಯವರನ್ನೆಲ್ಲ ಕರೆದುಕೊಂಡು ಗಾಳಿಗೆ ಅಡ್ಡಲಾಗಿ, ದಿಬ್ಬದ ಕಡೆ ನಡೆಯಿರಿ. ದೂರ ಹೋದ ಮೇಲೆಯೇ 112ಕ್ಕೆ ಫೋನ್ ಮಾಡಿ. ಮೊಬೈಲಿನಲ್ಲಿ ವಿಡಿಯೊ ತೆಗೆಯಲು ಓಡುವ ಹುಡುಗರನ್ನು ಗದರಿಸಿ ತಡೆಯಿರಿ.

ಚಿಪ್ಪಿನ ರಾಶಿಯನ್ನಂತೂ ಈ ವಾರವೇ ಬೇಲಿಯಿಂದ ಒಳಕ್ಕೆ ಹಾಕಿಸಿ.