ಸ್ವಂತ ಸಂಕೇತ ಭಂಡಾರ: ಸ್ಥಾಪನೆ ಮತ್ತು ಆಡಳಿತ

ಬಳ್ಳಾರಿ ನಗರದ ಜೀನ್ಸ್ ಉಡುಪು ತಯಾರಿಕೆ, ಸಿರುಗುಪ್ಪದ ಅಕ್ಕಿ ಗಿರಣಿಗಳು, ಕುರುಗೋಡು ಭಾಗದ ಕೃಷಿ ಉತ್ಪನ್ನಗಳ ವಹಿವಾಟು ಇವೆಲ್ಲದರಲ್ಲೂ ಗಣಕಯಂತ್ರದ ಬಳಕೆ ಅನಿವಾರ್ಯವಾಗಿದೆ. ಸಿದ್ಧ ಲೆಕ್ಕಪತ್ರ ತಂತ್ರಾಂಶದಿಂದ ಪೂರೈಸದ ಕೆಲಸಗಳೂ ಇವೆ. ಹೊಲಿಗೆ ಘಟಕಗಳಿಗೆ ಕೊಟ್ಟ ಕಟಿಂಗ್ ತುಂಡುಗಳ ಲೆಕ್ಕ, ಭತ್ತದ ತೇವಾಂಶಕ್ಕೆ ತಕ್ಕ ಕಡಿತ, ಚೀಲದ ಲೆಕ್ಕ, ಬಾರ್‌ಕೋಡ್ ಚೀಟಿ ಮುದ್ರಣ ಮುಂತಾದವುಗಳಿಗೆ ಹಲವು ಉದ್ಯಮಿಗಳು ಪ್ರೋಗ್ರಾಮರ್‌ಗಳಿಂದ ಪ್ರತ್ಯೇಕ ತಂತ್ರಾಂಶ ಬರೆಯಿಸಿಕೊಳ್ಳುತ್ತಾರೆ. ಯಂತ್ರಗಳಿಗೆ ವಿಮೆ ಇರುತ್ತದೆ, ಲೆಕ್ಕದ ಪುಸ್ತಕಗಳಿಗೆ ಬೀರು ಇರುತ್ತದೆ. ಆದರೆ ಆ ತಂತ್ರಾಂಶದ ಮೂಲ ಸಂಕೇತ, ಅಂದರೆ ಸೋರ್ಸ್ ಕೋಡ್, ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ವಿರಳ. ಅದು ಬರೆದವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದರೆ, ಅವರು ಊರು ಬಿಟ್ಟ ದಿನ ತಂತ್ರಾಂಶದ ದುರಸ್ತಿಯೂ ನಿಂತಂತೆಯೇ ಸರಿ.

ಮಾಲೀಕತ್ವದ ಪ್ರಶ್ನೆ

ಹಣ ಕೊಟ್ಟು ಬರೆಯಿಸಿದ ತಂತ್ರಾಂಶ ತಮ್ಮದೇ ಎಂಬ ನಂಬಿಕೆ ವರ್ತಕರಲ್ಲಿ ಸಾಮಾನ್ಯವಾಗಿದೆ. 1957ರ ಕೃತಿಸ್ವಾಮ್ಯ ಕಾಯಿದೆಯು ಗಣಕಯಂತ್ರದ ಪ್ರೋಗ್ರಾಂ ಅನ್ನು ಸಾಹಿತ್ಯಕೃತಿ ಎಂದು ಪರಿಗಣಿಸುತ್ತದೆ. ವೇತನದ ನೌಕರನು ಕೆಲಸದ ಭಾಗವಾಗಿ ಬರೆದದ್ದರ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕನಿಗೆ ಸೇರುತ್ತದೆ. ಹೊರಗಿನ ಪ್ರೋಗ್ರಾಮರ್ ಬರೆದುಕೊಟ್ಟಾಗ ಹಕ್ಕು ಸಾಮಾನ್ಯವಾಗಿ ಅವರಲ್ಲೇ ಉಳಿಯುತ್ತದೆ. ಅದು ವರ್ತಕನಿಗೆ ಬರಬೇಕಾದರೆ ಸಹಿ ಮಾಡಿದ ಲಿಖಿತ ವರ್ಗಾವಣೆ ಪತ್ರ ಬೇಕು. ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ವರ್ಗಾವಣೆಯು 5 ವರ್ಷಕ್ಕೆ ಮಾತ್ರ ಎಂದು 19ನೇ ಕಲಮು ಹೇಳುತ್ತದೆ. ಆದ್ದರಿಂದ ಸರ್ವರ್ ಕೊಳ್ಳುವುದಕ್ಕೂ ಮುನ್ನ ಮಾಡಬೇಕಾದ ಕೆಲಸವೆಂದರೆ ಒಪ್ಪಂದ ಪತ್ರವನ್ನು ಸರಿಪಡಿಸಿಕೊಳ್ಳುವುದು. ಮೂಲ ಸಂಕೇತವನ್ನು ಉದ್ಯಮಿಯ ಭಂಡಾರದಲ್ಲಿ ಒಪ್ಪಿಸಿದ ನಂತರವೇ ಕೊನೆಯ ಕಂತು ಪಾವತಿ ಎಂಬ ಷರತ್ತನ್ನೂ ಸೇರಿಸಬಹುದು.

ಭಂಡಾರ ಎಂದರೇನು?

ಕಿರ್ದಿ ಪುಸ್ತಕದಲ್ಲಿ ತಪ್ಪು ನಮೂದಾದರೆ ಒಳ್ಳೆಯ ಗುಮಾಸ್ತನು ಅದನ್ನು ಅಳಿಸುವುದಿಲ್ಲ. ಇನ್ನೊಂದು ನಮೂದಿನಿಂದ ಸರಿಪಡಿಸುತ್ತಾನೆ. ಸಂಕೇತ ಭಂಡಾರವೂ ಅದೇ ತತ್ತ್ವದ ಮೇಲೆ ನಿಂತಿದೆ. ಪ್ರತಿ ತಿದ್ದುಪಡಿಯೂ ಯಾರಿಂದ, ಯಾವಾಗ, ಏಕೆ ಆಯಿತೆಂಬ ವಿವರದೊಡನೆ ಸೇರುತ್ತದೆ, ಹಿಂದಿನ ರೂಪವೂ ಉಳಿಯುತ್ತದೆ.

ಇದರ ಪ್ರಯೋಜನ ತೆರಿಗೆ ದರ ಬದಲಾದಾಗ ಸ್ಪಷ್ಟವಾಗುತ್ತದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪೊಟ್ಟಣದಲ್ಲಿ ಲೇಬಲ್ ಸಹಿತ ಮಾರುವ ಅಕ್ಕಿಗೆ, ಬ್ರಾಂಡ್ ಇಲ್ಲದಿದ್ದರೂ, ಶೇ. 5 ಜಿಎಸ್‌ಟಿ ಬಂದಿತು. 2025ರ ಸೆಪ್ಟೆಂಬರ್ 22ರಿಂದ ಸಿದ್ಧ ಉಡುಪಿನ ಶೇ. 5ರ ಮಿತಿಯು ಒಂದಕ್ಕೆ 1,000 ರೂಪಾಯಿಯಿಂದ 2,500 ರೂಪಾಯಿಗೆ ಏರಿತು. ಅದಕ್ಕಿಂತ ಹೆಚ್ಚಿನ ಬೆಲೆಯವಕ್ಕೆ ದರ ಶೇ. 18 ಆಯಿತು. ಇಂಥ ಬದಲಾವಣೆಯನ್ನು ಅವಸರದಲ್ಲಿ ಬರೆದಾಗ ತಪ್ಪು ನುಸುಳಿದರೆ, ಭಂಡಾರವಿದ್ದಲ್ಲಿ ಯಾವ ಸಾಲು ಬದಲಾಯಿತೆಂದು ತಕ್ಷಣ ತಿಳಿಯಬಹುದು. ಜಿಎಸ್‌ಟಿ ಲೆಕ್ಕಗಳನ್ನು ಆಯಾ ವರ್ಷದ ವಾರ್ಷಿಕ ವಿವರಣೆಯ ಕೊನೆಯ ದಿನದಿಂದ 72 ತಿಂಗಳು ಕಾಯ್ದಿಡಬೇಕಾದ್ದರಿಂದ, ಹಳೆಯ ಬಿಲ್ಲು ಯಾವ ನಿಯಮದಂತೆ ತಯಾರಾಯಿತೆಂದು ವಿವರಿಸುವುದೂ ಸುಲಭವಾಗುತ್ತದೆ.

ಒಂದು ಎಚ್ಚರಿಕೆ: ಭಂಡಾರವು ತಂತ್ರಾಂಶದ ಇತಿಹಾಸವನ್ನು ಕಾಯುತ್ತದೆಯೇ ಹೊರತು ಲೆಕ್ಕದ ದತ್ತಾಂಶವನ್ನಲ್ಲ. ಕಂಪನಿಗಳು 2023ರ ಏಪ್ರಿಲ್ 1ರಿಂದ ತಮ್ಮ ಲೆಕ್ಕ ತಂತ್ರಾಂಶದಲ್ಲಿ ಇರಿಸಬೇಕಾದ ತಿದ್ದುಪಡಿ ದಾಖಲೆಗೆ ಇದು ಬದಲಿಯಾಗದು.

ಸ್ವಂತ ಭಂಡಾರ ಏಕೆ?

ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ಗಿಟ್ ವ್ಯವಸ್ಥೆ ಹುಟ್ಟಿದ್ದೇ ಪರಾವಲಂಬನೆಯ ಕಷ್ಟದಿಂದ. ಲಿನಕ್ಸ್ ತಂಡವು ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಉಚಿತವಾಗಿ ಬಳಸುತ್ತಿತ್ತು. 2005ರಲ್ಲಿ ಆ ಸೌಲಭ್ಯ ಹಿಂತೆಗೆದುಕೊಂಡಾಗ ಲಿನಸ್ ಟೊರ್ವಾಲ್ಡ್ಸ್ ಗಿಟ್ ಅನ್ನು ರಚಿಸಿದರು. ಗೂಗಲ್ ಸಂಸ್ಥೆಯ ಗೂಗಲ್ ಕೋಡ್ ಭಂಡಾರವೂ 2016ರಲ್ಲಿ ಮುಚ್ಚಿತು. ಭಾರತ ಸರ್ಕಾರವು ಇಲಾಖೆಗಳ ತಂತ್ರಾಂಶಗಳ ಮೂಲ ಸಂಕೇತವನ್ನು ಹಂಚಿಕೊಳ್ಳುವ ನೀತಿಯನ್ನು 2015ರಲ್ಲಿ ರೂಪಿಸಿ, ಓಪನ್‌ಫೋರ್ಜ್ ಎಂಬ ತನ್ನದೇ ಭಂಡಾರವನ್ನು ಸ್ಥಾಪಿಸಿಕೊಂಡಿತು. ಹೊರಗಿನ ಸೇವೆಗಳು ಕೆಟ್ಟವೆಂದಲ್ಲ. ಅಲ್ಲಿರುವುದೇ ಏಕೈಕ ಪ್ರತಿಯಾಗಬಾರದು.

ಸ್ಥಾಪನೆಯ ಹಂತಗಳು

ಗಿಟ್‌ಲ್ಯಾಬ್, ಗಿಟೀ, ಫೋರ್ಜೆಜೋ ಇವು ಸ್ವಂತ ಸರ್ವರಿನಲ್ಲಿ ಶುಲ್ಕವಿಲ್ಲದೆ ಸ್ಥಾಪಿಸಬಹುದಾದ ತಂತ್ರಾಂಶಗಳು. ಗಿಟ್‌ಲ್ಯಾಬ್‌ನಲ್ಲಿ ಸೌಲಭ್ಯಗಳು ಹೆಚ್ಚು, ಅದಕ್ಕೆ ಬೇಕಾದ ಸ್ಮೃತಿಯೂ ಹೆಚ್ಚು. ಐದಾರು ಮಂದಿಯ ಬಳಕೆಗೆ ಗಿಟೀ ಅಥವಾ ಅದರಿಂದ 2022ರಲ್ಲಿ ಕವಲೊಡೆದ ಫೋರ್ಜೆಜೋ ಸಾಕು. 4 ಜಿಬಿ ಸ್ಮೃತಿಯ ಹಳೆಯ ಗಣಕಯಂತ್ರವೊಂದರಲ್ಲಿ ಇವು ಸರಾಗವಾಗಿ ನಡೆಯುತ್ತವೆ.

1. ಯಂತ್ರದಲ್ಲಿ ಡೆಬಿಯನ್ ಅಥವಾ ಉಬುಂಟು ಸರ್ವರ್‌ನ ದೀರ್ಘಾವಧಿ ಬೆಂಬಲದ ಆವೃತ್ತಿಯನ್ನು ಸ್ಥಾಪಿಸಬೇಕು.

2. ಭಂಡಾರಕ್ಕೆಂದೇ ಪ್ರತ್ಯೇಕ ಬಳಕೆದಾರ ಖಾತೆ ತೆರೆಯಬೇಕು. ಸರ್ವರಿನ ಸರ್ವಾಧಿಕಾರವುಳ್ಳ ರೂಟ್ ಖಾತೆಯಲ್ಲಿ ಅದನ್ನು ನಡೆಸಬಾರದು.

3. ಗಿಟೀ ಒಂದೇ ಕಡತವಾಗಿ ದೊರೆಯುತ್ತದೆ. ಅದನ್ನು ಅಧಿಕೃತ ತಾಣದಿಂದಲೇ ಪಡೆದು, ಅಲ್ಲಿ ಪ್ರಕಟಿಸಿದ ತಾಳೆ ಸಂಖ್ಯೆಯೊಡನೆ ಹೋಲಿಸಬೇಕು. ಸಣ್ಣ ತಂಡಕ್ಕೆ ಎಸ್‌ಕ್ಯೂಲೈಟ್ ದತ್ತಸಂಚಯ ಸಾಕಾಗುತ್ತದೆ.

4. ವಿದ್ಯುತ್ ಹೋಗಿ ಬಂದಾಗ ತಾನಾಗಿಯೇ ಆರಂಭವಾಗುವಂತೆ ಅದನ್ನು ಸೇವೆಯಾಗಿ ನೋಂದಾಯಿಸಬೇಕು.

5. ಹೊರಗಿನವರು ಸ್ವತಃ ಖಾತೆ ತೆರೆಯುವ ಅವಕಾಶವನ್ನು ಮೊದಲ ದಿನವೇ ಮುಚ್ಚಬೇಕು. ಎಲ್ಲ ಭಂಡಾರಗಳನ್ನೂ ಖಾಸಗಿಯಾಗಿಡಬೇಕು.

ಯಂತ್ರವಿಡುವ ಸ್ಥಳವೂ ಮುಖ್ಯ. ಬಳ್ಳಾರಿಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಕಟಿಂಗ್ ವಿಭಾಗದ ನೂಲಿನ ಧೂಳು, ಗಿರಣಿಯ ತೌಡು ಹಾಗೂ ಹೊಟ್ಟಿನ ಧೂಳು ಫ್ಯಾನುಗಳನ್ನು ಬೇಗ ಕಟ್ಟಿಸುತ್ತವೆ. ಗಾಳಿಯಾಡುವ, ಬೀಗವಿರುವ ಕಚೇರಿ ಕೊಠಡಿ ಸೂಕ್ತ. ಯುಪಿಎಸ್ ಇಲ್ಲದೆ ಸರ್ವರ್ ನಡೆಸಬಾರದು. ಬರೆಯುತ್ತಿರುವಾಗಲೇ ವಿದ್ಯುತ್ ಹೋದರೆ ದತ್ತಸಂಚಯ ಕೆಡುವ ಸಂಭವವಿದೆ.

ದಿನನಿತ್ಯದ ಆಡಳಿತ

ಸ್ಥಾಪನೆ ಒಂದು ದಿನದ ಕೆಲಸ, ಆಡಳಿತ ನಿರಂತರ ಹೊಣೆ. ಒಬ್ಬೊಬ್ಬರಿಗೂ ಪ್ರತ್ಯೇಕ ಖಾತೆಯಿರಬೇಕು. ಒಂದೇ ಪಾಸ್‌ವರ್ಡನ್ನು ಹಂಚಿಕೊಂಡರೆ ಬದಲಾವಣೆ ಮಾಡಿದವರು ಯಾರೆಂಬ ದಾಖಲೆಗೆ ಅರ್ಥವೇ ಉಳಿಯದು. ಸಂಕೇತ ಸೇರಿಸಲು ಪಾಸ್‌ವರ್ಡಿಗಿಂತ ಎಸ್‌ಎಸ್‌ಎಚ್ ಕೀಲಿ ಸುರಕ್ಷಿತ. ಕೆಲಸ ಬಿಟ್ಟವರ ಖಾತೆ ಮತ್ತು ಕೀಲಿಗಳನ್ನು ಅದೇ ದಿನ ರದ್ದುಪಡಿಸಬೇಕು. ಆಡಳಿತಾಧಿಕಾರ ಕನಿಷ್ಠ ಇಬ್ಬರಲ್ಲಿರಬೇಕು, ಅವರಲ್ಲಿ ಒಬ್ಬರು ಮಾಲೀಕರೇ ಅಥವಾ ಅವರ ನಂಬಿಕೆಯವರೇ ಆಗಿರಲಿ.

ಸಿರುಗುಪ್ಪದ ಗಿರಣಿಯಿಂದ ಬಳ್ಳಾರಿ ಕಚೇರಿಯ ಸರ್ವರನ್ನು ಬಳಸಬೇಕಾದಾಗ ಅದನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುವುದು ಅಪಾಯಕರ. ವೈರ್‌ಗಾರ್ಡ್‌ನಂಥ ವಿಪಿಎನ್ ಮೂಲಕ ಸಂಪರ್ಕ ಕಲ್ಪಿಸಿದರೆ ಪರಿಚಿತ ಯಂತ್ರಗಳಷ್ಟೇ ಒಳಬರುತ್ತವೆ. ಭದ್ರತಾ ಪರಿಷ್ಕರಣೆಗಳನ್ನು ತಿಂಗಳಿಗೊಮ್ಮೆಯಾದರೂ, ತುರ್ತಿನವನ್ನು ಕೂಡಲೇ ಅಳವಡಿಸಬೇಕು.

ಬ್ಯಾಂಕ್ ಅಥವಾ ಇ-ಇನ್‌ವಾಯ್ಸ್ ಪಾಸ್‌ವರ್ಡುಗಳನ್ನು ಸಂಕೇತದೊಳಗೆ ಬರೆಯಲೇಬಾರದು. ಮುಂದೆ ಅಳಿಸಿದರೂ ಅವು ಇತಿಹಾಸದಲ್ಲಿ ಉಳಿಯುತ್ತವೆ. ಹಾಗೆ ಸೇರಿಹೋಗಿದ್ದರೆ ಮೊದಲು ಪಾಸ್‌ವರ್ಡನ್ನೇ ಬದಲಿಸಬೇಕು.

ನಕಲು ಪ್ರತಿಯೇ ಜೀವಾಳ

2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಸಂಕೇತ ಭಂಡಾರ ಸಂಸ್ಥೆಯ ನಿಯಂತ್ರಣ ಫಲಕಕ್ಕೆ ದಾಳಿಕೋರನೊಬ್ಬ ನುಗ್ಗಿ, ದತ್ತಾಂಶದೊಡನೆ ನಕಲು ಪ್ರತಿಗಳನ್ನೂ ಅಳಿಸಿದನು. ಎರಡೂ ಒಂದೇ ಬೀಗದ ಹಿಂದಿದ್ದುದರಿಂದ ಸಂಸ್ಥೆ ಮುಚ್ಚಬೇಕಾಯಿತು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಪ್ರಮಾದದಿಂದ ಮುಖ್ಯ ದತ್ತಸಂಚಯವನ್ನು ಅಳಿಸಿದಾಗ, ನಿಗದಿಯಾಗಿದ್ದ ನಕಲು ವ್ಯವಸ್ಥೆಗಳು ಕೆಲಸ ಮಾಡದಿದ್ದುದು ಬೆಳಕಿಗೆ ಬಂದಿತು. ಸುಮಾರು 6 ಗಂಟೆ ಹಿಂದೆ ತೆಗೆದಿದ್ದ ಪ್ರತಿಯೊಂದು ಕೈಹಿಡಿಯಿತು, ನಡುವಿನ ದಾಖಲೆಗಳು ನಷ್ಟವಾದವು. ನುರಿತ ಸಂಸ್ಥೆಗಳಿಗೇ ಹೀಗಾದರೆ ಸಣ್ಣ ಕಚೇರಿಗೆ ಎಚ್ಚರಿಕೆ ಇನ್ನೂ ಅಗತ್ಯ.

ಇದಕ್ಕೆ ಸುಲಭ ಸೂತ್ರವೊಂದಿದೆ: ಪ್ರತಿಗಳು ಮೂರು, ಮಾಧ್ಯಮಗಳು ಎರಡು, ಒಂದು ಪ್ರತಿ ಬೇರೆ ಊರಿನಲ್ಲಿ. ಉದಾಹರಣೆಗೆ, ಸರ್ವರ್ ಬಳ್ಳಾರಿಯಲ್ಲಿ, ಪ್ರತಿರಾತ್ರಿಯ ನಕಲು ಸಿರುಗುಪ್ಪದ ಗಿರಣಿಯ ಗಣಕಯಂತ್ರದಲ್ಲಿ, ವಾರಕ್ಕೊಮ್ಮೆ ತೆಗೆದು ಸಂಪರ್ಕ ಕಳಚಿದ ಹಾರ್ಡ್‌ಡಿಸ್ಕ್ ಕುರುಗೋಡಿನ ಶಾಖೆಯ ಬೀರುವಿನಲ್ಲಿ ಇರಬಹುದು. ಭಂಡಾರದ ಜೊತೆ ದತ್ತಸಂಚಯ ಹಾಗೂ ಸಂರಚನಾ ಕಡತಗಳೂ ನಕಲಾಗಬೇಕು. ಗಿಟೀಯಲ್ಲಿ ಇವೆಲ್ಲವನ್ನೂ ಒಟ್ಟಾಗಿ ತೆಗೆಯುವ ಆಜ್ಞೆಯಿದೆ. ಮೂರು ತಿಂಗಳಿಗೊಮ್ಮೆ ನಕಲನ್ನು ಬೇರೊಂದು ಯಂತ್ರದಲ್ಲಿ ಮರುಸ್ಥಾಪಿಸಿ, ತಂತ್ರಾಂಶವನ್ನು ಅಲ್ಲಿಂದ ನಿರ್ಮಿಸಿ, ಒಂದು ಬಿಲ್ಲು ಮುದ್ರಿಸಿ ನೋಡಬೇಕು. ಮರುಸ್ಥಾಪಿಸಿ ನೋಡದ ನಕಲನ್ನು ನಕಲೆಂದು ನಂಬುವಂತಿಲ್ಲ.

ಯಾರಿಗೆ ಅಗತ್ಯ?

ಸಿದ್ಧ ಲೆಕ್ಕಪತ್ರ ತಂತ್ರಾಂಶವನ್ನಷ್ಟೇ ಬಳಸುವವರಿಗೆ ಸಂಕೇತ ಭಂಡಾರದ ಅಗತ್ಯವಿಲ್ಲ. ಅವರು ದತ್ತಾಂಶದ ನಕಲನ್ನು ಕಾಯ್ದುಕೊಂಡರೆ ಸಾಕು. ಒಬ್ಬರೇ ಪ್ರೋಗ್ರಾಮರ್ ಇರುವಲ್ಲಿ ಜಾಲಪುಟದ ಸೌಲಭ್ಯವಿಲ್ಲದ ಬರಿಯ ಗಿಟ್ ಭಂಡಾರವನ್ನು ಕಚೇರಿಯ ಒಂದು ಗಣಕಯಂತ್ರದಲ್ಲಿ ಇರಿಸಿದರೂ ಉದ್ದೇಶ ಈಡೇರುತ್ತದೆ. ಇಬ್ಬರು ಮೂವರು ಬರೆಯುವವರಿದ್ದು, ವಹಿವಾಟು ಆ ತಂತ್ರಾಂಶವನ್ನೇ ಅವಲಂಬಿಸಿರುವವರಿಗೆ ಸ್ವಂತ ಸರ್ವರ್ ಸೂಕ್ತ. ಯಂತ್ರ ಹಳೆಯದಾದರೂ ಆದೀತು. ಅದನ್ನು ನೋಡಿಕೊಳ್ಳುವವರ ಹೆಸರು ಮಾತ್ರ ನಿಗದಿಯಾಗಿರಬೇಕು. ಹೊಣೆ ಹೊರುವವರಿಲ್ಲದಿದ್ದಲ್ಲಿ ನಂಬಿಕೆಯ ಹೊರಸೇವೆಯನ್ನು ಉದ್ಯಮದ ಹೆಸರಿನ ಖಾತೆಯಲ್ಲೇ ಪಡೆದು, ಒಂದು ಪ್ರತಿಯನ್ನು ಕಚೇರಿಯಲ್ಲಿಟ್ಟುಕೊಳ್ಳುವುದು ಲೇಸು.

ಒಟ್ಟಿನಲ್ಲಿ, ಬರೆಯಿಸಿದ ತಂತ್ರಾಂಶವೂ ಉದ್ಯಮದ ಆಸ್ತಿಯೇ. ಅದರ ಹಕ್ಕು ಕಾಗದದಲ್ಲಿ, ಮೂಲ ಸಂಕೇತ ಭಂಡಾರದಲ್ಲಿ, ನಕಲು ಪ್ರತಿ ಬೇರೆ ಊರಿನಲ್ಲಿ ಇದ್ದರೆ, ಬರೆದವರು ಬದಲಾದರೂ ವ್ಯಾಪಾರ ನಿಲ್ಲುವುದಿಲ್ಲ.