ಮನೆ ಕೊಳ್ಳುವಾಗ ವಿಮೆ ಯಾವಾಗ ಮಾಡಿಸಬೇಕು?



ನಮ್ಮ ಸಂಘಗಳಲ್ಲಿ ಉಳಿತಾಯ ಮಾಡಿ, ಬ್ಯಾಂಕ್ ಸಾಲ ಸೇರಿಸಿ, ಸ್ವಂತ ಮನೆ ಕೊಳ್ಳುವ ಸದಸ್ಯೆಯರು ಇದ್ದಾರೆ. ಇದು ಸಂತೋಷದ ವಿಷಯ. ಆದರೆ ವಿಮೆಯ ಮಾತು ತೆಗೆದರೆ ಮಾತ್ರ, “ಮನೆ ತಕಂಬುದೇ ಕಷ್ಟ, ಇನ್ನು ವಿಮೆ ಎಂತಕ್ಕೆ? ಒಕ್ಕಲು ಆದ್ಮೇಲೆ ಕಾಂಬ” ಎನ್ನುವವರೇ ಹೆಚ್ಚು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಪ್ರಯೋಜನ? ವಿಮೆಯ ವಿಚಾರವೂ ಹಾಗೆಯೇ. ಯಾವ ದಿನ ಮಾಡಿಸುತ್ತೇವೆ ಎನ್ನುವುದೇ ಇಲ್ಲಿ ಮುಖ್ಯ.

ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ರಾಷ್ಟ್ರೀಯ ಹೆದ್ದಾರಿ 66. ನೋಡಲು ಬಂದವರಿಗೆ ಇದು ಚೆಂದ. ಇಲ್ಲಿ ವಾಸ ಮಾಡುವವರಿಗೆ ಮಳೆಗಾಲದ ಚಿಂತೆ. 2020ರ ಸೆಪ್ಟೆಂಬರ್ 20ರಂದು ಉಡುಪಿ ಸುತ್ತಮುತ್ತ ನೆರೆ ಬಂತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಅಲ್ಲಾಡಿಸಿತು. 2022ರ ಆಗಸ್ಟ್ 2ರಂದು ನಮ್ಮ ಬೈಂದೂರು ತಾಲೂಕಿನ ಶಿರೂರಿನಲ್ಲಿ ಭಾರೀ ಮಳೆಗೆ ದೋಣಿಗಳು ಕೂಡ ಹಾಳಾದವು. ಮನೆ ಬಿದ್ದರೂ ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಸರ್ಕಾರದ ಪರಿಹಾರ ಸಿಕ್ಕರೂ ಅದು ತುರ್ತಿಗೆ ಸಿಗುವ ಸಹಾಯ, ಮನೆ ಪೂರ್ತಿ ಕಟ್ಟಿಕೊಡುವ ಹಣವಲ್ಲ.

ಮುಂಗಡ ಕೊಡುವ ಮೊದಲು

ಮೊದಲು ವಿಮಾ ಕಚೇರಿಗೆ ಹೋಗಿ ವಿಚಾರಿಸಬೇಕು. ಹಣ ಕಟ್ಟಲಿಕ್ಕಲ್ಲ, ಕೇಳಲಿಕ್ಕೆ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಜಾರಿಯಲ್ಲಿದೆ. ಬೆಂಕಿ, ಸಿಡಿಲು, ಬಿರುಗಾಳಿ, ಚಂಡಮಾರುತ, ನೆರೆ, ಭೂಕಂಪ, ಗುಡ್ಡ ಕುಸಿತ, ಇಂಥವುಗಳಿಂದಾದ ನಷ್ಟಕ್ಕೆ ಇದರಲ್ಲಿ ರಕ್ಷಣೆ ಇದೆ.

ಆದರೆ ನಮ್ಮ ಊರಿನವರು ಗೆರೆ ಎಳೆದು ಓದಬೇಕಾದ ಮಾತು ಒಂದಿದೆ. ನೆಲ ಕುಸಿತಕ್ಕೆ ರಕ್ಷಣೆ ಇದ್ದರೂ, ಕಡಲ್ಕೊರೆತ ಅಥವಾ ಹೊಳೆ ಕೊರೆತದಿಂದ ಆದ ಕುಸಿತವನ್ನು ಈ ಪಾಲಿಸಿ ಹೊರಗಿಟ್ಟಿದೆ. ಬಿರುಗಾಳಿಗೆ ಮಾಡು ಹಾರಿದರೆ ಕ್ಲೇಮು ಕೇಳಬಹುದು. ವರ್ಷ ವರ್ಷ ಕಡಲು ದಡ ಕೊರೆಯುತ್ತಾ ಬಂದು ಪಂಚಾಂಗವೇ ಕುಸಿದರೆ ಹಣ ಬರುತ್ತದೆಂದು ನಂಬಬಾರದು. ಜಾಗಕ್ಕಂತೂ ವಿಮೆಯೇ ಇಲ್ಲ. ಆದ್ದರಿಂದ ಕಡಲು ಅಥವಾ ಹೊಳೆ ಬದಿಯ ಮನೆಯಾದರೆ ದಡ ಎಷ್ಟು ಹಿಂದೆ ಬಂದಿದೆ, ತಡೆಗೋಡೆ ಇದೆಯೇ, ಸಿ.ಆರ್.ಝಡ್. ನಿಯಮದಂತೆ ಮನೆಗೆ ಪರವಾನಗಿ ಇದೆಯೇ ಎಂದು ಅಕ್ಕಪಕ್ಕದವರಲ್ಲಿ, ಪಂಚಾಯತ್‌ನಲ್ಲಿ ಕೇಳಿ. ವಿಮೆ ತುಂಬಿಕೊಡದ ನಷ್ಟವನ್ನು ಮುಂಗಡ ಕೊಡುವ ಮೊದಲೇ ಲೆಕ್ಕ ಹಾಕಬೇಕು. ಕೊಟ್ಟ ಮೇಲೆ ಲೆಕ್ಕ ಹಾಕಿ ಫಲವಿಲ್ಲ.

ಕರಾರಿನಿಂದ ನೋಂದಣಿಯ ತನಕ

ಏಪ್ರಿಲ್‌ನಲ್ಲಿ ಕರಾರು ಮಾಡಿ, ಸಾಲ ಮಂಜೂರಾಗಿ ಆಗಸ್ಟ್‌ನಲ್ಲಿ ನೋಂದಣಿ ಆಯಿತು ಅಂತ ಇಟ್ಟುಕೊಳ್ಳಿ. ನಡುವೆ ಇಡೀ ಮಳೆಗಾಲವೇ ಬಂತಲ್ಲ! ಜುಲೈಯಲ್ಲಿ ಮರ ಬಿದ್ದು ಮಾಡು ಮುರಿದರೆ ನಷ್ಟ ಯಾರಿಗೆ?

1882ರ ಆಸ್ತಿ ವರ್ಗಾವಣೆ ಕಾಯಿದೆಯ ಪ್ರಕಾರ, ಮಾರಾಟದ ಕರಾರು ಮಾಡಿದ ಮಾತ್ರಕ್ಕೆ ಆಸ್ತಿಯ ಹಕ್ಕು ನಮ್ಮದಾಗುವುದಿಲ್ಲ. ಅಲ್ಲಿಯ ತನಕ ಮನೆಯನ್ನು ಜೋಪಾನ ಮಾಡುವ ಹೊಣೆ ಮಾರುವವರದು. ಒಡೆತನ ನಮಗೆ ಬಂದ ಮೇಲೆ ಆಗುವ ನಷ್ಟ ನಮ್ಮದು. ಆದರೂ ಬಾಯಿಮಾತಿಗೆ ಬಿಡಬೇಡಿ. “ನೋಂದಣಿಗೆ ಮೊದಲು ಮನೆಗೆ ಹಾನಿಯಾದರೆ ಮಾರುವವರು ಸರಿಮಾಡಿಸಬೇಕು, ಅಥವಾ ಬೆಲೆ ಇಳಿಸಬೇಕು, ಇಲ್ಲವೇ ಮುಂಗಡ ವಾಪಸು ಕೊಡಬೇಕು” ಎಂದು ಕರಾರಿನಲ್ಲೇ ಬರೆಸಿ. ಅವರ ಹೆಸರಿನಲ್ಲಿ ವಿಮೆ ಇದೆಯೇ ಎಂದೂ ಕೇಳಿ. ಇದ್ದರೂ ಮನೆಯ ಜೊತೆಗೆ ಅದು ತಾನಾಗಿ ನಮ್ಮ ಹೆಸರಿಗೆ ಬರುವುದಿಲ್ಲ.

ನೋಂದಣಿಗೆ ಮೊದಲೇ ಆ ಮನೆಯಲ್ಲಿ ವಾಸಕ್ಕೆ ಹೋಗುವುದಾದರೆ ಅದನ್ನು ವಿಮಾ ಕಂಪನಿಗೆ ಹೇಳಿ, ಯಾವುದಕ್ಕೆ ರಕ್ಷಣೆ ಸಿಗುತ್ತದೆ ಎಂದು ಬರಹದಲ್ಲಿ ಪಡೆಯಿರಿ.

ನೋಂದಣಿಯ ದಿನ

ಕ್ರಯಪತ್ರ ನೋಂದಣಿ ಆಗುವ ದಿನದಿಂದಲೇ ವಿಮೆ ಶುರುವಾಗಬೇಕು. ಒಕ್ಕಲಿನ ದಿನದಿಂದಲ್ಲ, ಸಾಲದ ಮೊದಲ ಕಂತಿನ ದಿನದಿಂದಲೂ ಅಲ್ಲ. ಇದಕ್ಕಾಗಿ ಎರಡು ವಾರ ಮೊದಲೇ ಅರ್ಜಿ ತುಂಬಿಸಿ, ದರ ಕೇಳಿ, ಕಂತು ಕಟ್ಟಿ, ಪಾಲಿಸಿಯಲ್ಲಿ ನೋಂದಣಿಯ ದಿನಾಂಕವನ್ನೇ ಹಾಕಿಸಿ. 1938ರ ವಿಮಾ ಕಾಯಿದೆಯಂತೆ ಕಂತು ಕಟ್ಟದೆ ರಕ್ಷಣೆ ಶುರುವಾಗದು. “ಅರ್ಜಿ ಕೊಟ್ಟಿದ್ದೆವು” ಎಂದರೆ ಸಾಲದು. ನೋಂದಣಿ ಮುಂದೆ ಹೋದರೆ ಕೂಡಲೇ ತಿಳಿಸಿ ದಿನಾಂಕ ಬದಲಿಸಿಕೊಳ್ಳಿ.

ಎಷ್ಟು ಮೊತ್ತಕ್ಕೆ?

ಕೊಂಡ ಬೆಲೆಗಲ್ಲ, ಮತ್ತೆ ಕಟ್ಟುವ ಖರ್ಚಿಗೆ. ಉದಾಹರಣೆಗೆ, ಜಾಗ ಸೇರಿ 35 ಲಕ್ಷಕ್ಕೆ ಮನೆ ಕೊಂಡಿದ್ದೀರಿ. ಮನೆ 800 ಚದರ ಅಡಿ, ಚದರ ಅಡಿಗೆ ಕಟ್ಟುವ ಖರ್ಚು 2,000 ರೂಪಾಯಿ ಎಂದಾದರೆ ಮನೆಗೆ ವಿಮೆ 16 ಲಕ್ಷಕ್ಕೆ. ಊರಿನ ಮೇಸ್ತ್ರಿಯನ್ನು ಕೇಳಿದರೆ ಈಗಿನ ದರ ತಿಳಿಯುತ್ತದೆ. ಭಾರತ್ ಗೃಹ ರಕ್ಷಾದಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆ ಸಾಮಾನಿಗೂ ಆ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷದ ತನಕ, ರಕ್ಷಣೆ ಸೇರಿಯೇ ಬರುತ್ತದೆ. ಇಲ್ಲಿ ಅದು 3,20,000 ರೂಪಾಯಿ. ಚಿನ್ನದ ಒಡವೆಗೆ ಬೇರೆಯಾಗಿ ಕೇಳಿ ಸೇರಿಸಬೇಕು.

ಗೋಡೆ, ಮಾಡು ಯಾವುದರದ್ದು ಎಂಬುದನ್ನು ಇದ್ದ ಹಾಗೆ ಹೇಳಿ. ಮುಂಬಯಿಗೆ ಹೋಗಿ ತಿಂಗಳುಗಟ್ಟಲೆ ಬೀಗ ಹಾಕುವ ಮನೆಯಾದರೆ ಅದನ್ನೂ ಹೇಳಿ. ಮುಚ್ಚಿಟ್ಟರೆ ಕ್ಲೇಮಿನ ದಿನ ತೊಂದರೆ. ಹಳೆಯದಾಗಿ ಸವೆದ ಹೆಂಚು ಸೋರಿದರೆ ಅದು ರಿಪೇರಿಯ ಖರ್ಚು, ವಿಮೆಯದ್ದಲ್ಲ.

ಬ್ಯಾಂಕಿನವರು ಮಾಡಿದ್ದಾರಲ್ಲ?

“ಬ್ಯಾಂಕಿನವರೇ ವಿಮೆ ಮಾಡಿಸಿದ್ದಾರೆ” ಎನ್ನುವವರು ಪಾಲಿಸಿಯ ಪ್ರತಿ ತರಿಸಿ ನೋಡಿ. ಅದು ಸಾಲಗಾರರ ಜೀವ ವಿಮೆ ಆಗಿರಬಹುದು. ಸಾಲ ತೆಗೆದವರು ತೀರಿಕೊಂಡರೆ ಅದರಿಂದ ಸಾಲ ತೀರುತ್ತದೆ, ಮನೆ ಬಿದ್ದರೆ ಪೈಸೆಯೂ ಬಾರದು. ಮನೆಯ ವಿಮೆಯೇ ಆಗಿದ್ದರೂ ಸಾಲದ ಮೊತ್ತಕ್ಕೆ ಮಾತ್ರವೋ, ಕಟ್ಟುವ ಖರ್ಚಿಗೋ ಎಂದು ನೋಡಿ. ಪಾಲಿಸಿಯಲ್ಲಿ ಬ್ಯಾಂಕಿನ ಹೆಸರು ಸೇರಿದ್ದರೆ ಕ್ಲೇಮಿನ ಹಣದಲ್ಲಿ ಮೊದಲ ಹಕ್ಕು ಬ್ಯಾಂಕಿನದು.

ಹಾನಿಯಾದರೆ

ಕೂಡಲೇ ಕಂಪನಿಗೆ ತಿಳಿಸಿ. ಅವಶೇಷ ತೆಗೆಯುವ ಮೊದಲು ಫೋಟೋ ತೆಗೆಯಿರಿ. ಗ್ರಾಮ ಆಡಳಿತಾಧಿಕಾರಿಯಿಂದ ಮಹಜರು ಮಾಡಿಸಿ, ಗಾಳಿಯಿಂದಲೋ ನೆರೆಯಿಂದಲೋ ಎಂಬ ಕಾರಣ ಸರಿಯಾಗಿ ದಾಖಲಾಗಲಿ. ಕಂಪನಿ ನ್ಯಾಯ ಕೊಡದಿದ್ದರೆ ಮೊದಲು ಅವರಿಗೇ ಲಿಖಿತ ದೂರು ಕೊಡಿ. ಆಗಲೂ ಆಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಅಲ್ಲಿ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಡ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಮನೆ ಸಾಲ ಇರುವವರು ಎಷ್ಟು ಮಂದಿ? ಅವರಲ್ಲಿ ಮನೆಯ ವಿಮೆ ಎಷ್ಟು ಮಂದಿಗಿದೆ, ಜೀವ ವಿಮೆ ಮಾತ್ರ ಎಷ್ಟು ಮಂದಿಗಿದೆ?

2. ವಾರ್ಷಿಕ ಕಂತನ್ನು 12 ಭಾಗ ಮಾಡಿ ತಿಂಗಳ ಉಳಿತಾಯದ ಜೊತೆ ಎತ್ತಿಡಬಹುದೇ?

3. ನಮ್ಮ ವಾರ್ಡಿನಲ್ಲಿ ಕಡಲು, ಹೊಳೆ ಕೊರೆಯುತ್ತಿರುವ ಜಾಗಗಳು ಯಾವುವು? ಅಲ್ಲಿ ತಡೆಗೋಡೆಗಾಗಿ ಗ್ರಾಮಸಭೆಯಲ್ಲಿ ಸಂಘದಿಂದ ಅರ್ಜಿ ಕೊಟ್ಟಿದ್ದೇವೆಯೇ?

ಮೂರನೆಯ ಪ್ರಶ್ನೆಯನ್ನು ಬಿಟ್ಟು ಸಭೆ ಮುಗಿಸಬೇಡಿ. ಪಾಲಿಸಿಯಲ್ಲಿ ಇಲ್ಲದ ರಕ್ಷಣೆಯನ್ನು ನಾವೆಲ್ಲ ಒಟ್ಟಾಗಿ ಕೇಳಿಯೇ ಪಡೆಯಬೇಕು.