ಓಡುವ ಕಂಟೇನರ್‌ಗೆ ಕೈ ಹಾಕುವ ಮುನ್ನ
ಇಂದಾಪುರದ ಓದುಗರೇ, ಕಬ್ಬು ನುರಿಸುವ ಹಂಗಾಮಿನಲ್ಲಿ ಕಂಟೇನರ್ ಒಳಹೊಕ್ಕರೆ ಅದರಲ್ಲಿ ಓಡುವ ತೂಕದ ತಂತ್ರಾಂಶ ನಿಂತೀತೆಂಬ ನಿಮ್ಮ ಆತಂಕ ಸಹಜ. ಆದರೆ ‘ಡಾಕರ್ ಎಕ್ಸೆಕ್’ಗೆ ಅಂಜಬೇಕಿಲ್ಲ. 2014ರಲ್ಲಿ 1.3ನೇ ಆವೃತ್ತಿಯೊಂದಿಗೆ ಬಂದ ಈ ಆಜ್ಞೆ, ಓಡುತ್ತಿರುವ ಕಂಟೇನರ್‌ನಲ್ಲಿ ಬೇರೆಯೇ ಪ್ರೊಸೆಸ್ ಶುರು ಮಾಡುತ್ತದೆ. ನೀವು ‘ಎಕ್ಸಿಟ್’ ಎಂದು ಹೊರಬಂದರೂ ಮುಖ್ಯ ಪ್ರೊಸೆಸ್ ತನ್ನ ಪಾಡಿಗೆ ನಡೆದಿರುತ್ತದೆ. ‘ಡಾಕರ್ ಅಟ್ಯಾಚ್’ ಹಾಗಲ್ಲ: ಅಲ್ಲಿ ಕಂಟ್ರೋಲ್-ಸಿ ಒತ್ತಿದರೆ ಸಾಮಾನ್ಯವಾಗಿ ಕಂಟೇನರೇ ನಿಲ್ಲುತ್ತದೆ.

ಎಕ್ಸೆಕ್ ಮಾಡಿದಾಗ ಬ್ಯಾಶ್ ಶೆಲ್ ಸಿಗುತ್ತಿಲ್ಲ ಎಂದಿರಿ. ಆಲ್ಪೈನ್ ಇಮೇಜ್ ಇರಬೇಕು. ‘ಎಸ್‌ಎಚ್’ ಕೊಟ್ಟು ನೋಡಿ, ಜೊತೆಗೆ ‘-ಐಟಿ’ ಮರೆಯಬೇಡಿ.

ಲಾಗ್ ಕಡತ ನೋಡಲು ಧಾರಾಳವಾಗಿ ಒಳಹೋಗಿ. ಅಲ್ಲೇ ಕೂತು ಕಾನ್ಫಿಗ್ ತಿದ್ದುವ ಚಾಳಿ ಮಾತ್ರ ನನಗೆ ಹಿಡಿಸದು. ಕಂಟೇನರ್ ಅಳಿಸಿ ಹೊಸದು ಎಬ್ಬಿಸಿದೊಡನೆ, ವಾಲ್ಯೂಮ್‌ನಲ್ಲಿ ಇಲ್ಲದ ತಿದ್ದುಪಡಿಗಳೆಲ್ಲ ಮಾಯ. ಡಾಕರ್‌ಫೈಲ್‌ನಲ್ಲೇ ತಿದ್ದಿ, ಇಮೇಜ್ ಮತ್ತೆ ಬಿಲ್ಡ್ ಮಾಡಿ.